ದೊಡ್ಡ ಮಗುವನ್ನು ಭಾರತದಿಂದ ಕರೆತರುವ ಮುನ್ನ

ಮಾನ್ಯರೇ,

ಕಳೆದ ವರ್ಷ ಅಮೆರಿಕಕ್ಕೆ ಬಂದು ಕೆಲಸಕ್ಕೆ ಸೇರಿರುವ ತಾವು, ಇಲ್ಲಿನ ಪೌರರಾದ ತಮ್ಮ ಪತ್ನಿಯೊಡನೆ ಭಾರತಕ್ಕೆ ಹೋಗಿ ಎಂಟು ವರ್ಷದ ಆಸುಪಾಸಿನ ಹೆಣ್ಣುಮಗುವೊಂದನ್ನು ದತ್ತು ಪಡೆಯಬೇಕೆಂದಿರುವುದಾಗಿ ಬರೆದು, ಎರಡು ವಾರದ ರಜೆ ಸಾಕೇ, ಬಂದ ಕೂಡಲೇ ಶಾಲೆಗೆ ಸೇರಿಸಬಹುದೇ, ಮಗುವೂ ನಮ್ಮ ದೇಶದ್ದೇ ಆದ್ದರಿಂದ ಹೊಂದಿಕೊಳ್ಳುವುದು ಸುಲಭವಲ್ಲವೇ ಎಂದು ಕೇಳಿದ್ದೀರಿ. ಏಳು ವರ್ಷದ ಹುಡುಗನನ್ನು ಇದೇ ದಾರಿಯಲ್ಲಿ ಕರೆತಂದವಳಾಗಿ ಹೇಳುವುದಾದರೆ, ಪ್ರಯಾಣವೆಂಬುದು ಈ ಕೆಲಸದ ಚಿಕ್ಕ ಭಾಗ. ರಜೆಯನ್ನೂ ತಾಳ್ಮೆಯನ್ನೂ ಮರಳಿ ಬಂದ ಮೇಲಿನ ತಿಂಗಳುಗಳಿಗಾಗಿ ಉಳಿಸಿಕೊಳ್ಳಿ.

ಕಾಗದಪತ್ರಗಳ ದಾರಿ ಉದ್ದವಾದರೂ ಗೊಂದಲದ್ದಲ್ಲ. ಎರಡೂ ದೇಶಗಳು ದೇಶದಿಂದ ದೇಶಕ್ಕೆ ದತ್ತು ಕೊಡುವುದನ್ನು ಕುರಿತ 1993ರ ಹೇಗ್ ಒಪ್ಪಂದಕ್ಕೆ ಸೇರಿರುವುದರಿಂದ ಯಾವ ಹೆಜ್ಜೆಯ ನಂತರ ಯಾವುದು ಎಂಬುದು ಗೊತ್ತುಪಡಿಸಿಯೇ ಇದೆ. ಇಲ್ಲಿ ಅರ್ಜಿ ಹಾಕುವವರು ಅಮೆರಿಕದ ಪೌರರೇ ಆಗಿರಬೇಕಾದ್ದರಿಂದ ದತ್ತು ಪಡೆಯಲು ಅರ್ಹರೆಂದು ಒಪ್ಪಿಗೆ ಕೋರಿ ಇಲ್ಲಿನ ವಲಸೆ ಇಲಾಖೆಗೆ ಸಲ್ಲಿಸುವ ಐ-800ಎ ಅರ್ಜಿ ತಮ್ಮ ಪತ್ನಿಯ ಹೆಸರಿನಲ್ಲಿ ಹೋಗುತ್ತದೆ. ತಾವು ಕಾನೂನುಬದ್ಧವಾಗಿ ಇಲ್ಲಿ ವಾಸವಿರುವುದಕ್ಕೆ ದಾಖಲೆ ಕೊಟ್ಟು ಸಹಿ ಹಾಕಬೇಕು. ಭಾರತದ ಕಡೆಯಲ್ಲಿ ಎಲ್ಲವೂ ಕಾರಾ ಎಂದು ಕರೆಯಲಾಗುವ ಕೇಂದ್ರೀಯ ದತ್ತಕ ಪ್ರಾಧಿಕಾರದ ಮೂಲಕವೇ ನಡೆಯುತ್ತದೆ. ಮದುವೆಯಾಗಿ ಎರಡು ವರ್ಷವಾಗಿರಬೇಕು, ತಮ್ಮಿಬ್ಬರಿಗೂ ಮಗುವಿಗೂ ಕನಿಷ್ಠ 25 ವರ್ಷಗಳ ಅಂತರವಿರಬೇಕು. ದೊಡ್ಡ ಮಕ್ಕಳ ವಿಷಯದಲ್ಲಿ ವಯಸ್ಸಿನ ಮಿತಿ ಸಡಿಲ: ಎಂಟು ದಾಟಿದ ಮಗುವಾದರೆ ದಂಪತಿಗಳ ಒಟ್ಟು ವಯಸ್ಸು 110ರವರೆಗೂ ಇರಬಹುದು. ದತ್ತು ಆದೇಶವನ್ನು, ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ, ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಆದೇಶ ಬಂದ ಮೇಲೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ದತ್ತು ಹೇಗ್ ಒಪ್ಪಂದದಂತೆಯೇ ನಡೆದಿದೆ ಎನ್ನುವ ಕಾರಾದ ಅನುಸರಣಾ ಪ್ರಮಾಣಪತ್ರ, ಕೊನೆಗೆ ವೀಸಾ.

ಎರಡು ವಾರದಲ್ಲಿ ಮುಗಿಸಿಬಿಡುವ ಲೆಕ್ಕಾಚಾರವನ್ನು ಕೆಡಿಸುವುದು ಹೆಚ್ಚಾಗಿ ವೈದ್ಯಕೀಯ ತಪಾಸಣೆ. ವಲಸೆ ವೀಸಾಕ್ಕಾಗಿ ಎರಡು ವರ್ಷ ಮೀರಿದ ಮಕ್ಕಳಿಗೆ ಕ್ಷಯರೋಗದ ರಕ್ತಪರೀಕ್ಷೆ ಕಡ್ಡಾಯ. ಅದರಲ್ಲಿ ಸೋಂಕಿನ ಸುಳಿವು ಸಿಕ್ಕರೆ ಎದೆಯ ಎಕ್ಸ್‌ರೇ, ಎಕ್ಸ್‌ರೇಯಲ್ಲಿ ಅನುಮಾನವಿದ್ದರೆ ಕಫದ ಪರೀಕ್ಷೆ, ಮತ್ತು ಆ ಕಫದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ವರದಿಗೆ ಎಂಟು ವಾರಗಳವರೆಗೂ ಕಾಯಬೇಕಾಗಬಹುದು. ಒತ್ತೊತ್ತಾಗಿ ಬೆಳೆದ ಮಕ್ಕಳಲ್ಲಿ ಇದು ಅಪರೂಪವೇನಲ್ಲ. ಆದ್ದರಿಂದ ತಪಾಸಣೆ ಯಾವ ಹಂತದಲ್ಲಿ ಆಗುತ್ತದೆಂದು ತಮ್ಮ ದತ್ತು ಏಜೆನ್ಸಿಯನ್ನು ಮೊದಲೇ ಕೇಳಿ, ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ಕೊಳ್ಳಿ. ಇಬ್ಬರೂ ಉಳಿಯಲಾಗದಿದ್ದರೆ ಯಾರು ಉಳಿಯುವುದೆಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಂಡಿರಿ.

ಹೊಂದಾಣಿಕೆಯ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸಬೇಕಾಗಿದೆ. ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನು ಭಾರತದ ನಿಯಮಗಳು ಕೇಳುತ್ತವೆ ನಿಜ, ಆದರೆ ನೋಡದ ದೇಶಕ್ಕೆ, ಕಾಣದ ಮನೆಗೆ ಎಂಟು ವರ್ಷದ ಮಗು ಕೊಡುವ ಒಪ್ಪಿಗೆ ಎಂಥದ್ದೆಂಬುದನ್ನು ದೊಡ್ಡವರಾದ ನಾವೇ ಯೋಚಿಸಬೇಕು. ಇಲ್ಲಿಗೆ ಬರುವ ನಿರ್ಧಾರವನ್ನು ತಾವು ತಾವಾಗಿಯೇ ಕೈಗೊಂಡಿರಿ. ಅವಳಿಗೆ ಆ ಅವಕಾಶವಿಲ್ಲ. ನಮ್ಮ ಹುಡುಗ ಬೆಳೆದ ಸಂಸ್ಥೆಯಲ್ಲಿ ಅವನದೇ ಎಂಬ ಬಟ್ಟೆ ಇರಲಿಲ್ಲ. ಒಗೆದು ಬಂದ ರಾಶಿಯಲ್ಲಿ ಅಳತೆಗೆ ಸರಿಯಾದದ್ದನ್ನು ಹಾಕಿಕೊಳ್ಳುವುದು ಅಲ್ಲಿನ ರೂಢಿ. ಇಲ್ಲಿ ಅವನ ಕಪಾಟಿನ ತುಂಬ ಅಂಗಿಗಳಿದ್ದರೂ ಬೆಳಿಗ್ಗೆ ಎದ್ದು ಬಾಗಿಲ ಬಳಿ ನಿಂತು, ಇವತ್ತು ಯಾವುದನ್ನು ಕೊಡುತ್ತೀರಿ ಎಂದು ಕೇಳುತ್ತಿದ್ದ. ಉಂಡ ತಟ್ಟೆಯನ್ನು ತೊಳೆದು ಬೋರಲು ಹಾಕಿ, ಮುಂದಿನ ಅಪ್ಪಣೆಗೆ ಕಾಯುವವನಂತೆ ಗೋಡೆಗೆ ಒರಗಿ ನಿಲ್ಲುತ್ತಿದ್ದ. ನೋಡಲು ಬಂದವರೆಲ್ಲ ಎಷ್ಟು ಶಿಸ್ತಿನ ಹುಡುಗ ಎಂದು ಹೊಗಳುತ್ತಿದ್ದರು. ನನಗೆ ಸಮಾಧಾನವಾದದ್ದು ಅವನು ಮೊದಲ ಸಲ ಹಟ ಹಿಡಿದು, ಈ ಅಂಗಿ ಬೇಡವೆಂದು ಎಸೆದಾಗಲೇ.

ನಮ್ಮ ದೇಶದ್ದೇ ಮಗು ಎಂಬ ಮಾತಿನಲ್ಲಿಯೂ ಒಂದು ತೊಡಕಿದೆ. ಮಗು ಒಡಿಶಾದಿಂದಲೋ ಮಹಾರಾಷ್ಟ್ರದಿಂದಲೋ ಬಂದಿದ್ದರೆ ತಮ್ಮ ಮನೆಯ ಕನ್ನಡ ಅವಳಿಗೆ ಇಂಗ್ಲಿಷಿನಷ್ಟೇ ಹೊಸದು. ಹಸಿವು, ನೋವು, ಭಯ, ಶೌಚ ಇಷ್ಟನ್ನು ಹೇಳಲು ಕೇಳಲು ಬೇಕಾದ ಮಾತುಗಳನ್ನಾದರೂ ಅವಳ ಭಾಷೆಯಲ್ಲಿ ತಾವಿಬ್ಬರೂ ಕಲಿತೇ ಹೊರಡಿ, ಮತ್ತು ಆ ಭಾಷೆ ಬಲ್ಲ ಒಬ್ಬರನ್ನು ತಮ್ಮ ಊರಿನಲ್ಲಿ ಹುಡುಕಿಟ್ಟುಕೊಳ್ಳಿ. ಸಂಸ್ಥೆಯವರು ಒಪ್ಪಿದರೆ ಅಲ್ಲಿನ ಆಯಾ ಮತ್ತು ಗೆಳತಿಯರ ಭಾವಚಿತ್ರಗಳನ್ನು ಕೇಳಿ ತನ್ನಿ. ಅವರ ನೆನಪಿನಲ್ಲಿ ಅತ್ತರೆ ಅದು ತಮ್ಮನ್ನು ತಿರಸ್ಕರಿಸಿದಂತಲ್ಲ. ಬಂದ ವಾರದಲ್ಲೇ ಸಭಾಂಗಣ ಹಿಡಿದು ನೂರು ಜನರನ್ನು ಕರೆಯುವ ಉತ್ಸಾಹ ನಮ್ಮವರಲ್ಲಿ ಬಹಳ. ದಯವಿಟ್ಟು ಅದನ್ನು ಮುಂದಕ್ಕೆ ಹಾಕಿ.

ಶಾಲೆಗೆ ಸೇರಿಸುವುದು ಕಷ್ಟವಲ್ಲ, ಅವಸರವೇ ಕಷ್ಟ. ಇಲ್ಲಿ ಸಾಮಾನ್ಯವಾಗಿ ವಯಸ್ಸಿಗೆ ತಕ್ಕ ತರಗತಿಗೆ ಕೂರಿಸುತ್ತಾರೆ. ಅಕ್ಷರಾಭ್ಯಾಸ ಅರ್ಧಕ್ಕೆ ನಿಂತ ಮಗುವಾದರೂ ಅಷ್ಟೇ. ಸೇರಿಸುವಾಗ ಮನೆಯ ಭಾಷೆ ಯಾವುದೆಂದು ಕೇಳುವ ನಮೂನೆಯಲ್ಲಿ, ಮಗು ಹಿಂದುಳಿದವಳೆನಿಸೀತು ಎಂದು ಅಂಜಿ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ಹಾಗೆ ಮಾಡಬೇಡಿ. ಇಂಗ್ಲಿಷ್ ಬಾರದ ಮಕ್ಕಳಿಗೆ ನೆರವು ಕೊಡುವುದು ಸಾರ್ವಜನಿಕ ಶಾಲೆಗಳ ಹೊಣೆಯೆಂದು 1974ರಲ್ಲಿಯೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ, ಮತ್ತು ಆ ನೆರವು ಶುರುವಾಗುವುದು ಸಾಮಾನ್ಯವಾಗಿ ಆ ನಮೂನೆಯಿಂದಲೇ.

ಪೌರತ್ವದ ಚಿಂತೆ ಬೇಡ. ಭಾರತದಲ್ಲೇ ದತ್ತು ಪೂರ್ಣಗೊಂಡ ಮಕ್ಕಳಿಗೆ ಕೊಡುವ ಐಎಚ್-3 ವೀಸಾದಲ್ಲಿ ಪೌರಳಾದ ತಾಯಿಯ ಜೊತೆ ವಾಸಿಸಲು ಬಂದ ಮಗು ಈ ನೆಲಕ್ಕೆ ಕಾಲಿಟ್ಟಾಗಲೇ ಪೌರಳಾಗುತ್ತಾಳೆ. ಆ ನಂತರ ಎರಡು ವರ್ಷ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ, ಏಜೆನ್ಸಿಯವರು ಭೇಟಿಕೊಟ್ಟು ಕಾರಾಗೆ ವರದಿ ಕಳುಹಿಸುತ್ತಾರೆ.

ಇನ್ನು ರಜೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ದತ್ತು ಸ್ವೀಕಾರಕ್ಕೆ ಹನ್ನೆರಡು ವಾರಗಳ ಸಂಬಳರಹಿತ ರಜೆ ಪಡೆಯುವ ಹಕ್ಕಿದೆ, ಆದರೆ ಅಲ್ಲಿ ಹನ್ನೆರಡು ತಿಂಗಳು ಸೇವೆಯಾಗಿ, ಹಿಂದಿನ ಒಂದು ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು. ಹೊಸದಾಗಿ ಸೇರಿರುವ ತಾವು ಆ ಅವಧಿ ತುಂಬುವ ಮೊದಲು ಕೆಲಸ ಬದಲಿಸಬೇಡಿ. ಭಾರತದ ಪ್ರಯಾಣಕ್ಕೂ ಈ ರಜೆ ಅನ್ವಯಿಸುತ್ತದೆ. ಆದರೂ ಅಲ್ಲಿಗೆ ಸಂಬಳದ ರಜೆಯನ್ನು ಬಳಸಿಕೊಂಡು, ಈ ಹನ್ನೆರಡು ವಾರಗಳಲ್ಲಿ ಸಾಧ್ಯವಾದಷ್ಟನ್ನು ಮಗು ಮನೆಗೆ ಬಂದ ಮೇಲೆ ಒಬ್ಬರಾದ ಮೇಲೊಬ್ಬರು ತೆಗೆದುಕೊಳ್ಳುವುದು ಲೇಸು.