ಬರ್ಲಿನ್‌ನ ಫ್ರೀಡ್ರಿಖ್ಸ್‌ಹೈನ್-ಕ್ರಾಯ್ಟ್ಸ್‌ಬೆರ್ಗ್ ಸಂಸತ್ ಕ್ಷೇತ್ರ 2002ರಿಂದ 2025ರವರೆಗೆ ಗ್ರೀನ್ ಪಕ್ಷದ ಕೈಯಲ್ಲಿ ಉಳಿದದ್ದು ಹೇಗೆ?

ಮುಖ್ಯ ಕಾರಣ ಗ್ರೀನ್ ಪಕ್ಷದ ರಾಜಕಾರಣಿ ಹಾನ್ಸ್-ಕ್ರಿಸ್ಟಿಯಾನ್ ಸ್ಟ್ರೋಬೆಲೆ. ಹಳೆಯ ಪಶ್ಚಿಮ ಬರ್ಲಿನ್‌ನ ಕ್ರಾಯ್ಟ್ಸ್‌ಬೆರ್ಗ್, ಪೂರ್ವದ ಫ್ರೀಡ್ರಿಖ್ಸ್‌ಹೈನ್, ಜೊತೆಗೆ ಪ್ರೆನ್ಸ್‌ಲಾವರ್ ಬೆರ್ಗ್‌ನ ಒಂದು ಭಾಗ ಸೇರಿ 2002ರಲ್ಲಿ ಈ ಕ್ಷೇತ್ರವಾಯಿತು. ಪಕ್ಷಕ್ಕೆ ಬಿದ್ದ ಮತಗಳ ಮೇಲೆ ಸಂಸತ್ತಿಗೆ ಹೋಗುವವರ ಪಟ್ಟಿಯಲ್ಲಿ ಗೆಲ್ಲುವಂಥ ಸ್ಥಾನ ಸಿಗದ ಸ್ಟ್ರೋಬೆಲೆ ಇಲ್ಲಿ ನೇರ ಸ್ಪರ್ಧೆಗಿಳಿದು ಗೆದ್ದರು. ಜರ್ಮನಿಯ ಸಂಸತ್ ಚುನಾವಣೆಯಲ್ಲಿ ಗ್ರೀನ್ ಪಕ್ಷಕ್ಕೆ ಅದೇ ಮೊದಲ ನೇರ ಗೆಲುವು.

ಅಲ್ಲಿ ಮತದಾರರಿಗೆ ಎರಡು ಮತ: ಮೊದಲನೆಯದು ಅಭ್ಯರ್ಥಿಗೆ, ಎರಡನೆಯದು ಪಕ್ಷಕ್ಕೆ. ಹಾಗಾಗಿ ಬೇರೆ ಪಕ್ಷಕ್ಕೆ ಮತ ಹಾಕುವವರೂ ಮೊದಲನೆಯದನ್ನು ಸ್ಟ್ರೋಬೆಲೆಗೆ ಕೊಡಬಹುದಿತ್ತು. 2005, 2009, 2013ರಲ್ಲೂ ಅವರೇ ಗೆದ್ದರು. ಅವರು ನಿಂತುಕೊಳ್ಳದ 2017ರಲ್ಲಿ ಅದೇ ಪಕ್ಷದ ಜಾನನ್ ಬಯ್ರಾಮ್ ಗೆದ್ದದ್ದು ಕೂದಲೆಳೆಯಲ್ಲಿ. 2021ರಲ್ಲಿ ಮತ್ತೆ ಬಯ್ರಾಮ್ ಅವರೇ. 2025ರಲ್ಲಿ ಎಡಪಕ್ಷ ಡೀ ಲಿಂಕೆಯ ಪಾಸ್ಕಲ್ ಮೈಸರ್ ಕ್ಷೇತ್ರ ಕಸಿದುಕೊಂಡರು.