ಚರಂಡಿ ಪೈಪಿಗೆ ಬೇರು ನುಗ್ಗಿದೆ: ಅಗೆಯಬೇಕಾ, ಒಳಗಿಂದಲೇ ಸರಿಮಾಡಬಹುದಾ?

ಪ್ರಶ್ನೆ: ನಮ್ಮ ಮನೆ ಕಟ್ಟಿ 36 ವರ್ಷ ಆಯಿತು. ಶೌಚಾಲಯ, ಬಚ್ಚಲಿನ ನೀರು ಹೋಗುವ ಹೊರಗಿನ ಲೈನು ಹಳೇ ಕಾಲದ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನದು. ಎರಡು ವರ್ಷದಿಂದ ಐದು ತಿಂಗಳಿಗೊಮ್ಮೆ ಬ್ಲಾಕ್ ಆಗುತ್ತಿದೆ. ಪ್ರತಿ ಸಲ ಪ್ಲಂಬರ್ ಬಂದು, ರಾಡ್ ಹಾಕಿ, ಒಂದು ಹಿಡಿ ಬೇರು ಎಳೆದು ಹೋಗುತ್ತಾರೆ. ಈಗ ಮೂರು ಜನರನ್ನು ಕೇಳಿದೆ, ಮೂರು ಮಾತು ಬಂತು. ಒಬ್ಬರು ಜೆಟ್ಟಿಂಗ್, ಅಂದರೆ ಜೋರು ಒತ್ತಡದ ನೀರು ಬಿಟ್ಟು ತೊಳೆಯುವುದು, ಸಾಕು ಅಂದರು. ಇನ್ನೊಬ್ಬರು ಪೈಪಿನೊಳಗೆ ಲೈನಿಂಗ್ ಹಾಕಿಸಿ, ಅಗೆಯುವ ತಾಪತ್ರಯವೇ ಇಲ್ಲ ಅಂದರು. ಮೂರನೆಯವರು ಪೂರ್ತಿ ಅಗೆದು ಪಿವಿಸಿ ಹಾಕಲೇಬೇಕು ಅಂದರು. ಲೈನಿನ ಮೇಲೆ ಕಾರು ನಿಲ್ಲಿಸುವ ಕಾಂಕ್ರೀಟ್ ಜಾಗ ಇದೆ. ಪಕ್ಕದಲ್ಲೇ ಅಪ್ಪ ನೆಟ್ಟ ಮರ. ಅದನ್ನು ಕಡಿಯಲು ಮನಸ್ಸಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನನ್ನದೊಂದು ಪ್ರಶ್ನೆ. ಈ ಮೂವರಲ್ಲಿ ಪೈಪಿನ ಒಳಗೆ ನೋಡಿದವರು ಎಷ್ಟು ಜನ? ನಿಮ್ಮ ಪತ್ರದಲ್ಲಿ ಕ್ಯಾಮೆರಾದ ಮಾತೇ ಇಲ್ಲ. ನೋಡದೆ ಹೇಳಿದ್ದರೆ, ಯಾರ ಬಳಿ ಯಾವ ಯಂತ್ರ ಇದೆಯೋ ಅವರು ಅದನ್ನೇ ಹೇಳಿದ್ದಾರೆ, ಅಷ್ಟೆ.

ಬೇರು ಗಟ್ಟಿ ಪೈಪನ್ನು ಒಡೆದುಕೊಂಡು ಒಳಗೆ ಬರುವುದು ತೀರಾ ಕಡಿಮೆ. ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದಿ ಸಾಕು. ಅಲ್ಲಿಂದ ತೇವ ಹೊರಗಿನ ಮಣ್ಣಿಗೆ ಇಳಿಯುತ್ತಿರುತ್ತದೆ. ಬೇರು ಆ ತೇವ ಇರುವ ಕಡೆಗೇ ಬೆಳೆದು ಸಂದಿಯಲ್ಲಿ ತೂರುತ್ತದೆ. ಒಳಗೆ ನೀರು, ಗೊಬ್ಬರ, ಗಾಳಿ ಮೂರೂ ಪುಕ್ಕಟೆ. ಆಮೇಲೆ ದಪ್ಪಗಾಗುತ್ತಾ ಸಂದಿಯನ್ನು ಅಗಲ ಮಾಡುತ್ತದೆ. ಹಳೇ ಸ್ಟೋನ್‌ವೇರ್ ಪೈಪು ಎರಡು ಮೂರು ಅಡಿ ತುಂಡುಗಳಲ್ಲಿ ಬರುತ್ತಿತ್ತು, ಜಾಯಿಂಟಿಗೆ ಸಿಮೆಂಟ್ ಗಾರೆ. ಎರಡೆರಡು ಅಡಿಯ ತುಂಡಾದರೆ 15 ಮೀಟರ್ ಲೈನಿನಲ್ಲಿ ಸುಮಾರು 25 ಜಾಯಿಂಟು. ಅಷ್ಟರಲ್ಲಿ ನಾಲ್ಕಾರು ಬಾಯಿ ಬಿಟ್ಟಿದ್ದರೆ ಆಶ್ಚರ್ಯ ಇಲ್ಲ.

ಅದಕ್ಕೇ ರಾಡ್ ಹಾಕಿಸಿದ್ದು ನಿಲ್ಲುತ್ತಿಲ್ಲ. ಬೇರು ಕತ್ತರಿಸುವುದು ಬೇಲಿ ಗಿಡ ಸವರಿದ ಹಾಗೆ. ಕತ್ತರಿಸಿದ ಕಡೆ ಇನ್ನಷ್ಟು ಕವಲು ಒಡೆಯುತ್ತದೆ.

ಈಗ ಕ್ಯಾಮೆರಾ ವಿಷಯ. ಮೊದಲು ಜೆಟ್ಟಿಂಗ್ ಮಾಡಿಸಿ ಲೈನು ಶುಚಿ ಮಾಡಿಸಿ, ಆಮೇಲೆ ಕ್ಯಾಮೆರಾ ಬಿಡಿಸಿ. ಬೇರು ತುಂಬಿದ ಪೈಪಿನಲ್ಲಿ ಕ್ಯಾಮೆರಾ ಬಿಟ್ಟರೆ ಬೇರು ಮಾತ್ರ ಕಾಣುತ್ತದೆ, ಪೈಪು ಕಾಣುವುದಿಲ್ಲ. ನೀವೂ ಪಕ್ಕದಲ್ಲಿ ನಿಂತು ಪರದೆ ನೋಡಿ. ಜಾಯಿಂಟಿನಿಂದ ಬಿಳಿ ಗಡ್ಡದ ಹಾಗೆ ನೇತಾಡುವುದು ಉಳಿದ ಬೇರು. ಅದು ಎಷ್ಟು ಕಡೆ ಇದೆ ಎಣಿಸಿ. ಪೈಪು ಗುಂಡಗೇ ಇದೆಯಾ, ಮೇಲಿನ ಚಕ್ಕೆ ಒಳಗೆ ಕುಸಿದಿದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ನೀರು ನೋಡಿ. ಕ್ಯಾಮೆರಾ ಹೋಗುತ್ತಾ ಹೋಗುತ್ತಾ ನೀರಿನಲ್ಲಿ ಮುಳುಗಿ, ಪರದೆ ಮಬ್ಬಾಗಿ, ಒಂದೆರಡು ಮೀಟರ್ ಆದ ಮೇಲೆ ಮತ್ತೆ ತಲೆ ಎತ್ತಿದರೆ ಅಲ್ಲಿ ಪೈಪು ಜೋತುಬಿದ್ದಿದೆ ಎಂದೇ ಲೆಕ್ಕ. ಮುಂದೆ ಬ್ಲಾಕ್ ಇದ್ದು ನೀರು ನಿಂತಿದ್ದರೂ ಹೀಗೇ ಕಾಣುತ್ತದೆ. ಶುಚಿ ಮಾಡಿಸಿಯೇ ನೋಡಿ ಅಂದಿದ್ದಕ್ಕೆ ಅದೂ ಒಂದು ಕಾರಣ. ರೆಕಾರ್ಡಿಂಗ್ ಕೇಳಿ ತೆಗೆದುಕೊಳ್ಳಿ, ಪರದೆ ಮೇಲೆ ಎಷ್ಟನೇ ಮೀಟರ್ ಅನ್ನುವುದು ಕಾಣುವಂತಿರಲಿ. ಕೆಟ್ಟ ಜಾಗ ನೆಲದ ಮೇಲೆ ಎಲ್ಲಿ ಬರುತ್ತದೆ, ಎಷ್ಟು ಆಳದಲ್ಲಿದೆ ಅಂತ ಗುರುತು ಹಾಕಿಸಿ.

ಜೋತುಬಿದ್ದ ಪೈಪಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಶುರುವಿನ ದಿನಗಳಲ್ಲಿ ನಾನೇ ಒಂದು ಮನೆಗೆ ಲೈನಿಂಗ್ ಮಾಡಿಸಿ ಅಂದಿದ್ದೆ. ಅಗೆಯಲಿಲ್ಲ, ನೆಲ ಹಾಳಾಗಲಿಲ್ಲ, ಮನೆಯವರಿಗೆ ಖುಷಿಯೋ ಖುಷಿ. ವರ್ಷ ತುಂಬುವುದರೊಳಗೆ ಮತ್ತೆ ಬ್ಲಾಕ್. ಒಳಗೆ ನೋಡಿದರೆ ಒಂದು ಎಳೆ ಬೇರೂ ಇಲ್ಲ. ತಗ್ಗಿನಲ್ಲಿ ಹೊಲಸು ಕೂತುಬಿಟ್ಟಿತ್ತು. ಹಳೇ ಪೈಪು ಹೇಗೆ ಬಗ್ಗಿತ್ತೋ ಲೈನಿಂಗೂ ಹಾಗೇ ಬಗ್ಗಿ ಗಟ್ಟಿಯಾಗಿತ್ತು. ಕೊನೆಗೆ ಅಗೆಯುವುದು ತಪ್ಪಲಿಲ್ಲ. ಆ ಮನೆಯವರ ಮುಖ ಈಗಲೂ ನೆನಪಿದೆ.

ಲೈನಿಂಗ್ ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯೊಂದನ್ನು ಗಾಳಿ ಅಥವಾ ನೀರಿನ ಒತ್ತಡದಿಂದ ಪೈಪಿನೊಳಗೆ ತೂರಿಸುತ್ತಾರೆ, ಕಾಲುಚೀಲವನ್ನು ಮಗುಚಿದ ಹಾಗೆ. ಅದು ಒಳಗೋಡೆಗೆ ಅಂಟಿ ಕೂರುತ್ತದೆ. ಬಿಸಿನೀರು, ಹಬೆ ಇಲ್ಲವೇ ಅಲ್ಟ್ರಾವಯಲೆಟ್ ಬೆಳಕು ಕೊಟ್ಟು ಗಟ್ಟಿ ಮಾಡುತ್ತಾರೆ. ಹಳೇ ಪೈಪಿನೊಳಗೆ ಜಾಯಿಂಟೇ ಇಲ್ಲದ ಹೊಸ ಪೈಪು ಸಿದ್ಧ. ಇದೇನೂ ನಿನ್ನೆ ಮೊನ್ನೆಯ ಗಿಮಿಕ್ ಅಲ್ಲ. 1971ರಲ್ಲೇ ಎರಿಕ್ ವುಡ್ ಎಂಬುವರು ಲಂಡನ್ನಿನ ಹಳೇ ಒಳಚರಂಡಿಯೊಂದಕ್ಕೆ ಹೀಗೆ ಮಾಡಿ ತೋರಿಸಿದ್ದರು. ಪೈಪಿನ ಒಳ ಅಳತೆ ಕೆಲವು ಮಿಲಿಮೀಟರ್ ಕಡಿಮೆಯಾಗುತ್ತದೆ. ಆದರೆ ಮೈ ನುಣುಪಾಗುವುದರಿಂದ ನೀರು ಸರಾಗ ಹೋಗುತ್ತದೆ. ಕುಸಿದ ಪೈಪಿಗೆ ಇದು ಆಗದು, ತಪ್ಪಿದ ಇಳಿಜಾರನ್ನಂತೂ ಸರಿ ಮಾಡುವುದೇ ಇಲ್ಲ. ಬಚ್ಚಲಿನಿಂದಲೋ ಅಡುಗೆಮನೆಯಿಂದಲೋ ಬಂದು ಸೇರುವ ಪೈಪುಗಳ ಬಾಯಿಯನ್ನು ಲೈನಿಂಗ್ ಮುಚ್ಚಿಬಿಡುತ್ತದೆ, ಅವನ್ನು ಒಳಗಿಂದಲೇ ಕೊರೆದು ತೆರೆಯಬೇಕು. ಎರಡೂ ತುದಿಯನ್ನು ಚೇಂಬರಿನ (ಲೈನಿನ ಮುಚ್ಚಳದ ಗುಂಡಿಯ) ಹತ್ತಿರ ಸರಿಯಾಗಿ ಸೀಲ್ ಮಾಡಿಸಿ. ಇಲ್ಲದಿದ್ದರೆ ಬೇರು ಹಳೇ ಪೈಪಿಗೂ ಲೈನಿಂಗಿಗೂ ನಡುವಿನ ಸಂದಿಯಲ್ಲಿ ಹರಿದು ತುದಿಯಲ್ಲಿ ಮತ್ತೆ ಹೊರಬರುತ್ತದೆ. ಕೆಲಸ ಮುಗಿದ ಮೇಲೂ ಕ್ಯಾಮೆರಾ ಬಿಡಿಸಿಯೇ ಹಣ ಕೊಡಿ.

ನಿಮಗೆ ಯಾರೂ ಹೇಳದ ಇನ್ನೊಂದು ದಾರಿ ಪೈಪ್ ಬರ್ಸ್ಟಿಂಗ್. ಎರಡು ಕಡೆ ಗುಂಡಿ ತೋಡಿ, ಹಳೇ ಪೈಪಿನೊಳಗೆ ಉಕ್ಕಿನ ಮೊನೆಯೊಂದನ್ನು ಕೇಬಲ್ಲಿನಿಂದ ಎಳೆಯುತ್ತಾರೆ. ಅದು ಹಳೇ ಪೈಪನ್ನು ಒಡೆದು ಮಣ್ಣಿಗೆ ತಳ್ಳುತ್ತಾ ಹಿಂದೆ ಹೊಸ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಎಳೆದುಕೊಂಡು ಬರುತ್ತದೆ. ಒಡೆದು ಚೂರಾದ ಪೈಪಿಗೂ ಇದು ಆಗುತ್ತದೆ, ಕೇಬಲ್ ತೂರುವಷ್ಟು ದಾರಿ ಇದ್ದರೆ ಸಾಕು. ಆದರೆ ಬಂದು ಸೇರುವ ಒಂದೊಂದು ಪೈಪಿನ ಹತ್ತಿರವೂ ಗುಂಡಿ ಬೇಕು. ಪಕ್ಕದಲ್ಲೇ ನೀರಿನದ್ದೋ ಗ್ಯಾಸಿನದ್ದೋ ಲೈನು ಇದ್ದರೆ ಅಪಾಯ. ಲೈನು ಮೇಲ್ಮಟ್ಟದಲ್ಲೇ ಇದ್ದರೆ ಮೇಲಿನ ಕಾಂಕ್ರೀಟ್ ಉಬ್ಬಿ ಬಿರುಕು ಬಿಡಬಹುದು. ಇದೂ ಹಳೇ ಪೈಪಿನ ಜಾಡಿನಲ್ಲೇ ಹೋಗುವುದರಿಂದ ತಗ್ಗು ತಗ್ಗಾಗಿಯೇ ಉಳಿಯುತ್ತದೆ.

ಹಾಗಾಗಿ ಪೈಪು ಜೋತುಬಿದ್ದಿದ್ದರೆ, ಇಳಿಜಾರು ತಪ್ಪಿದ್ದರೆ, ಅಗೆಯುವುದೊಂದೇ ದಾರಿ. 100 ಮಿಲಿಮೀಟರ್ ಪೈಪಿಗೆ 50 ಅಡಿಗೆ ಒಂದು ಅಡಿ ಇಳಿಜಾರು ಒಳ್ಳೆಯ ಲೆಕ್ಕ. ಅಗೆದರೂ ಪೂರ್ತಿ ಅಗೆಯಬೇಕು ಅಂತೇನೂ ಇಲ್ಲ. ಕೆಟ್ಟ ತುಂಡನ್ನಷ್ಟೇ ತೆಗೆದು ಪಿವಿಸಿ ಕೂರಿಸಬಹುದು. ಹಳೇ ಪೈಪಿಗೆ ಹೊಸದನ್ನು ಸೇರಿಸುವ ಕಡೆ ಮತ್ತೆ ಸಿಮೆಂಟ್ ಮೆತ್ತಲು ಬಿಡಬೇಡಿ, ಕ್ಲ್ಯಾಂಪ್ ಇರುವ ರಬ್ಬರ್ ಕಪ್ಲಿಂಗ್ ಹಾಕಿಸಿ. ಗುಂಡಿ ಎದೆಯೆತ್ತರಕ್ಕೆ ಬಂತು ಅಂದರೆ ಪಕ್ಕಕ್ಕೆ ಹಲಗೆಯ ಆಸರೆ ಕೊಡದೆ ಯಾರನ್ನೂ ಇಳಿಸಬೇಡಿ. ಮಣ್ಣು ಕುಸಿದರೆ ಕೂಗಲೂ ಸಮಯ ಸಿಗುವುದಿಲ್ಲ. ಹಳೇ ಚೇಂಬರಿನೊಳಗೆ ಇಳಿಯುವುದಂತೂ ಬೇಡವೇ ಬೇಡ, ಅಲ್ಲಿನ ವಿಷಗಾಳಿಯಿಂದಲೇ ಜನ ಸಾಯುತ್ತಾರೆ. ಬುಡದ ಹತ್ತಿರ ದಪ್ಪ ಬೇರು ಸಿಕ್ಕರೆ ಸುಮ್ನೆ ಕಡಿದು ಹಾಕಬೇಡಿ. ಆಸರೆ ತಪ್ಪಿದ ಮರ ಗಾಳಿಗೆ ಉರುಳಬಹುದು.

ನಿಮ್ಮ ವಿಷಯಕ್ಕೆ ಬರೋಣ. ಪೈಪು ಗುಂಡಗಿದ್ದು, ಇಳಿಜಾರು ಸರಿಯಿದ್ದು, ಬೇರು ಹಲವು ಜಾಯಿಂಟಿನಲ್ಲಿದ್ದರೆ ನನ್ನ ಓಟು ಲೈನಿಂಗಿಗೆ. ಕಾಂಕ್ರೀಟೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಒಂದೇ ಕಡೆ ಕೆಟ್ಟಿದ್ದರೆ ಅಲ್ಲಿ ಮಾತ್ರ ಅಗೆಯಿರಿ. ಒಂದು ಕಡೆ ತಗ್ಗು, ಉಳಿದೆಡೆ ಬೇರು ಅಂತಾದರೆ ತಗ್ಗನ್ನು ಅಗೆದು ಸರಿಮಾಡಿ ಉಳಿದದ್ದಕ್ಕೆ ಲೈನಿಂಗ್. ಕೈಯಲ್ಲಿ ಈಗ ಹಣ ಇಲ್ಲ ಅಂದರೆ ಜೆಟ್ಟಿಂಗೂ ತಪ್ಪಲ್ಲ. ಆದರೆ ಬ್ಲಾಕ್ ಆಗುವವರೆಗೆ ಕಾಯಬೇಡಿ. ಐದನೇ ತಿಂಗಳಿಗೆ ಕಟ್ಟಿಕೊಳ್ಳುತ್ತದೆ ಅಂದರೆ ನಾಲ್ಕನೇ ತಿಂಗಳಿಗೇ ಕರೆಸಿ. ಪೈಪು ಆಗಲೇ ಒಡೆದಿದ್ದರೆ ಒತ್ತಡ ಜಾಸ್ತಿ ಇಡಬೇಡಿ ಅಂತ ಅವರಿಗೆ ಹೇಳಿ.

ಪ್ರಶ್ನೆ: ಮೈಲುತುತ್ತ ಹಾಕಿ ಫ್ಲಶ್ ಮಾಡಿದರೆ ಬೇರು ಸಾಯುತ್ತದೆ ಅನ್ನುತ್ತಾರೆ, ನಿಜವಾ?

ಉತ್ತರ: ತಾಗಿದ ಬೇರಿನ ತುದಿ ಸಾಯುತ್ತದೆ, ನಿಜ. ಆದರೆ ಪೈಪಿನಲ್ಲಿ ನೀರು ಅಡಿಯಲ್ಲಿ ಹರಿಯುತ್ತದೆ, ಬೇರು ಇಳಿದಿರುವುದು ಹೆಚ್ಚಾಗಿ ಮೇಲಿಂದ. ಔಷಧಿ ಕೆಳಗೇ ಹರಿದು ಹೋಗುತ್ತದೆ. ಇದೇ ಕಾರಣಕ್ಕೆ ನೊರೆಯಾಗಿ ಪೈಪು ತುಂಬುವ ಬೇರುನಾಶಕಗಳು ಇದಕ್ಕಿಂತ ವಾಸಿ. ಮೈಲುತುತ್ತದಲ್ಲಿರುವ ತಾಮ್ರ ಕೆರೆ ಹೊಳೆ ಸೇರಿದರೆ ಮೀನಿಗೆ ವಿಷ. ನಿಮ್ಮದು ಸೆಪ್ಟಿಕ್ ಟ್ಯಾಂಕ್ ಆದರೆ ಅದರೊಳಗಿನ ಬ್ಯಾಕ್ಟೀರಿಯಾಕ್ಕೂ ಪೆಟ್ಟು. ಆ್ಯಸಿಡ್ ಸುರಿಯುವ ಯೋಚನೆ ಬಂದಿದ್ದರೆ ಅದನ್ನೂ ಬಿಡಿ. ಜಾಯಿಂಟಿನ ಸಿಮೆಂಟ್ ಕರಗಿ ಬೇರಿಗೆ ಬಾಗಿಲು ಇನ್ನೂ ಅಗಲವಾಗುತ್ತದೆ.

ಪ್ರಶ್ನೆ: ಮರವನ್ನೇ ಕಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದಲ್ವಾ?

ಉತ್ತರ: ಇಲ್ಲ. ಬುಡದಿಂದ ಮತ್ತೆ ಚಿಗುರುವ ಮರವಾದರೆ ಬೇರೂ ಬೆಳೆಯುತ್ತಲೇ ಇರುತ್ತದೆ. ಅತ್ತಿ, ಆಲದ ಜಾತಿಯವು ಇದರಲ್ಲಿ ಜಿಗುಟು. ಚಿಗುರದ ಮರವಾದರೆ ಬೇರು ಕೊಳೆತು ಸಂದಿ ಖಾಲಿಯಾಗುತ್ತದೆ. ಅದೇ ಸಂದಿಯಿಂದ ಮಳೆನೀರು, ಮಣ್ಣು ಒಳಗೆ ಬರಲು ಶುರು. ಮಣ್ಣು ಸೋರಿದ ಕಡೆ ಪೈಪಿನ ಸುತ್ತ ಪೊಳ್ಳಾಗಿ, ಒಂದು ದಿನ ಮೇಲಿನ ನೆಲ ಕೂರುತ್ತದೆ. ಮರ ಕಡಿಸಿದರೂ ಪೈಪಿನ ಕೆಲಸ ಬಾಕಿಯೇ.