ಓದುಗರ ಪ್ರಶ್ನೆ: ಖಡಕ್ ರೊಟ್ಟಿ ಕಟ್ಟಿಕೊಡ್ಲೋ ಬ್ಯಾಡೋ?

ಪ್ರಶ್ನೆ: ನನ್ನ ಮಗಳು ಡಿಗ್ರಿ ಎರಡನೇ ವರ್ಷ. ಜೂನ್ ತಿಂಗಳಾಗ ಕಾಲೇಜಿನವ್ರ ಜೋಡಿ ಜರ್ಮನಿಯ ಟ್ಯೂಬಿಂಗನ್‌ಗೆ ಹೊಂಟಾಳ, 14 ಮಂದಿ ಹುಡುಗ್ರು, ಇಬ್ರು ಮಾಸ್ತರು. ಬೆಂಗಳೂರಿಗೆ ಟ್ರೇನ್, ಅಲ್ಲಿಂದ ದೋಹಾ, ದೋಹಾದಿಂದ ಫ್ರಾಂಕ್‌ಫರ್ಟ್, ಮತ್ತ ಬಸ್ಸು. ಆಕಿ ಒಂದು ರಾತ್ರಿನೂ ಮನಿ ಬಿಟ್ಟು ಮಲಗಿದಾಕಿ ಅಲ್ಲ. ತಿನ್ನಾಕ ಏನು ಕಟ್ಟಿಕೊಡ್ಲಿ? ಮೊದಲನೇ ರಾತ್ರಿ ಹೆಂಗಿರ್ತದ?
– ಒಬ್ಬ ತಾಯಿ, ಧಾರವಾಡ

ಉತ್ತರ: ಮೇಡಂ, ನಾನು ಎರಡು ಸಲ ಹಿಂಗೇ ಹುಡುಗರನ್ನ ಕರ್ಕೊಂಡು ಹೋಗಿದೀನಿ, ಅದೂ ಇದೇ ರೂಟಲ್ಲಿ, ಧಾರವಾಡದಿಂದ ಲೆಕ್ಕ ಹಾಕಿದ್ರೆ ಬಾಗಿಲಿಂದ ಬಾಗಿಲಿಗೆ ಒಂದೂವರೆ ದಿನ ಹತ್ರ ಆಗುತ್ತೆ ಅಂತಿಟ್ಕೊಳ್ಳಿ. ಆದ್ರೆ ಪ್ರಯಾಣದಲ್ಲಿ ಮಕ್ಕಳಿಗೆ ಏನೂ ಆಗಲ್ಲ, ಹುಮ್ಮಸ್ಸಲ್ಲೇ ಕಳೆದುಹೋಗುತ್ತೆ. ಕಷ್ಟ ಇರೋದು ಹೋಗಿ ಇಳಿದ ಮೇಲೆ.

ಮೊದಲು ತಿಂಡಿ ವಿಷ್ಯ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಕೊಡಿ, ಇದಕ್ಕಿಂತ ಒಳ್ಳೇ ಪ್ರಯಾಣದ ಊಟ ನಂಗಂತೂ ಗೊತ್ತಿಲ್ಲ. ಉಪ್ಪಿನಕಾಯಿ ಸೂಟ್‌ಕೇಸಿಗೆ, ಕೈಚೀಲದಲ್ಲಿ ಇಟ್ರೆ ಅದು ದ್ರವ ಪದಾರ್ಥ 100 ಎಂಎಲ್ ಮೀರಬಾರದು ಅನ್ನೋ ರೂಲ್‌ಗೆ ಸಿಕ್ಕಿ ಸೆಕ್ಯುರಿಟಿಯಲ್ಲೇ ಕಸದಬುಟ್ಟಿಗೆ ಹೋಗುತ್ತೆ. ತುಪ್ಪದ ಡಬ್ಬಿ ಬೇಡವೇ ಬೇಡ, ಹೊರಗಿಂದ ಬರೋರು ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ ಅಂತ ಯುರೋಪಿಯನ್ ಯೂನಿಯನ್ ರೂಲ್ ಇದೆ. ಇಡೀ ಒಣಕೊಬ್ಬರಿ ಗಿಟಕನ್ನಂತೂ ಎಲ್ಲೂ ಇಡ್ಬೇಡಿ, ಎಣ್ಣೆ ಜಾಸ್ತಿ, ಬೆಂಕಿ ಹತ್ತೋ ಸಾಮಾನು ಅಂತ ವಿಮಾನಕ್ಕೇ ಬಿಡಲ್ಲ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರ್ಬೇಕು.

ಕೈಚೀಲಕ್ಕೆ ಒಂದು ಜೊತೆ ಬಟ್ಟೆ, ಟೂತ್‌ಬ್ರಷ್, ಮಾತ್ರೆ ಹಾಕಿಸಿ. ನಮ್ಮ ಗುಂಪಲ್ಲಿ ಒಬ್ಬಳ ಸೂಟ್‌ಕೇಸ್ ಮೂರು ದಿನ ಬಿಟ್ಟು ಬಂತು, ಪಾಪ ಅಲ್ಲೀವರೆಗೂ ಎಲ್ಲರ ಬಟ್ಟೆ ಒಂದೊಂದು ಹಾಕ್ಕೊಂಡು ಓಡಾಡಿದ್ಲು. ಇನ್ನೊಂದು, 2025ರ ಅಕ್ಟೋಬರ್‌ನಿಂದ ಅಲ್ಲಿ ಬಾರ್ಡರಲ್ಲಿ ಹೊಸ ಸಿಸ್ಟಮ್ ಶುರುವಾಗಿದೆ, ಮೊದಲ ಸಲ ಹೋಗೋರ ಬೆರಳಚ್ಚು, ಫೋಟೊ ತಗೋತಾರೆ, ಹಾಗಾಗಿ ಕ್ಯೂನಲ್ಲಿ ತಡ ಆಗಬಹುದು. ಫೋನ್ ಬರ್ಲಿಲ್ಲ ಅಂತ ಗಾಬರಿ ಆಗ್ಬೇಡಿ.

ಈಗ ಮೊದಲ ರಾತ್ರಿ. ನಾವು ಹಾಸ್ಟೆಲ್ ಮುಟ್ಟಿದಾಗ ಸಂಜೆ ಐದು, ಊರಲ್ಲಿ ಎಂಟೂವರೆ (ಬೇಸಿಗೆಯಲ್ಲಿ ಮೂರೂವರೆ ತಾಸು ವ್ಯತ್ಯಾಸ). ರೂಮಿನ ಹಾಸಿಗೆ ಖಾಲಿ, ರಿಸೆಪ್ಷನ್ನಲ್ಲಿ ಮಡಚಿದ ಬಿಳಿ ಬಟ್ಟೆ ಕೈಗೆ ಕೊಟ್ರು, ಹಾಸ್ಕೊಳೋದು ನಮ್ಮ ಕೆಲ್ಸ. ದಪ್ಪ ರಜಾಯಿ ಒಂದು, ಅದಕ್ಕೆ ಚೀಲದ ಥರ ಕವರ್ ಒಂದು. ಒಬ್ಬ ಹುಡುಗ ರಜಾಯಿನ ನೀಟಾಗಿ ಮಡಚಿ ಕಾಲ ಹತ್ರ ಇಟ್ಟು, ತಾನು ಕವರ್ ಒಳಗೆ ನುಗ್ಗಿ ಮಲಗಿಬಿಟ್ಟಿದ್ದ, ಗೋಣಿಚೀಲದಲ್ಲಿ ಕುಂಬಳಕಾಯಿ ಇಟ್ಟಂಗೆ! ಬೆಳಗ್ಗೆ ಚಳಿ ಚಳಿ ಅಂತಿದ್ದ.

ಆರು ಗಂಟೆಗೇ ಮಲಗಿದೋರು ರಾತ್ರಿ ಒಂದಕ್ಕೆಲ್ಲ ಕಣ್ಣು ಬಿಟ್ಕೊಂಡು ಕೂತ್ರು. ಎರಡು ಗಂಟೆ ಅಂದ್ರೆ ನಮ್ಮಲ್ಲಿ ಐದೂವರೆ ಅಲ್ವಾ, ಹೊಟ್ಟೆಗೆ ಜರ್ಮನ್ ಗಡಿಯಾರ ಎಲ್ಲಿ ಗೊತ್ತಾಗುತ್ತೆ. ಕಾರಿಡಾರಲ್ಲಿ ಕಟಂ ಕಟಂ ಅಂತ ಸದ್ದು, ಹೋಗಿ ನೋಡಿದ್ರೆ ಏಳು ಜನ ನೆಲದ ಮೇಲೆ ಕೂತು ಖಡಕ್ ರೊಟ್ಟಿ ಮುರೀತಿದಾರೆ. ಅಲ್ಲಿ ರಾತ್ರಿ ಹತ್ತರ ಮೇಲೆ ಗಲಾಟೆ ಮಾಡೋ ಹಾಗಿಲ್ಲ. ನೈಟ್ ಡ್ಯೂಟಿಯವ್ರು ಮೇಲೆ ಬಂದ್ರು, ಬಯ್ತಾರೆ ಅನ್ಕೊಂಡೆ, ಒಂದು ಚೂರು ತಿಂದು ನೋಡಿ ಊಟದ ಹಾಲ್ ಲೈಟ್ ಹಾಕಿ ಕೊಟ್ರು.

ಎರಡನೇ ಸಲ ಬುದ್ಧಿ ಬಂದಿತ್ತು. ಬ್ಯಾಗ್ ಇಟ್ಟ ತಕ್ಷಣ ಎಲ್ರನ್ನೂ ನೆಕ್ಕರ್ ನದಿ ದಂಡೆಗೆ ನಡೆಸ್ಕೊಂಡು ಹೋದೆ. ಜೂನಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಒಂಬತ್ತೂವರೆ ಹತ್ರ, ಆ ಬೆಳಕಲ್ಲಿ ಮೈ ಸೋತ್ರೂ ಕಣ್ಣು ಮುಚ್ಚಲ್ಲ. ಅಲ್ಲೇ ಕೂರಿಸಿ ಕಿಟೆಲ್ ಕಥೆ ಹೇಳಿದೆ, ನಿಮ್ಮೂರಿನ ಕಿಟೆಲ್ ಕಾಲೇಜು ಯಾರ ಹೆಸರಲ್ಲಿದ್ಯೋ ಅವರೇ, 1894ರಲ್ಲಿ ಕನ್ನಡ ನಿಘಂಟು ಕೊಟ್ಟೋರು ಕೊನೆಗೆ 1903ರಲ್ಲಿ ತೀರಿಕೊಂಡಿದ್ದು ಇದೇ ಟ್ಯೂಬಿಂಗನ್‌ನಲ್ಲಿ. ಅವರು ನಮ್ಮ ಕಡೆ ಬಂದಿದ್ದು 1853ರಲ್ಲಿ, ಸೂಯೆಜ್ ಕಾಲುವೆ ತೆರೆದಿದ್ದು 1869ಕ್ಕೆ, ಅಂದ್ಮೇಲೆ ಅವರ ದಾರಿ ಎಷ್ಟು ಉದ್ದ ಇತ್ತು ಲೆಕ್ಕ ಹಾಕಿ ಅಂದೆ. ಒಬ್ಬಳು ಲೆಕ್ಕ ಹಾಕ್ತಾನೇ ತೂಕಡಿಸಿದ್ಲು. ಹತ್ತಕ್ಕೆ ಮಲಗಿದೋರು ಐದರವರೆಗೂ ಏಳಲಿಲ್ಲ.

ನಿಮಗೊಂದು ಮಾತು, ಬೇಜಾರು ಮಾಡ್ಕೋಬೇಡಿ. ಆ ರಾತ್ರಿ ವಿಡಿಯೊ ಕಾಲ್ ಮಾಡ್ಬೇಡಿ. ‘ಮುಟ್ಟಿದೆ’ ಅಂತ ಮೆಸೇಜ್ ಸಾಕು. ಸುಸ್ತಾದ ಹೊತ್ತಲ್ಲಿ ಅಮ್ಮನ ಮುಖ ಕಂಡ್ರೆ ಒಬ್ಬಳು ಅಳ್ತಾಳೆ, ಅವಳನ್ನ ನೋಡಿ ರೂಮಿಗೆ ರೂಮೇ ಅಳುತ್ತೆ, ಆಮೇಲೆ ನಮ್ಮಂಥ ಮಾಸ್ತರುಗಳ ಗತಿ ಕೇಳ್ಬೇಡಿ. ಮಾರನೇ ದಿನ ಮಧ್ಯಾಹ್ನ ಮಾಡಿ, ಅವಳೇ ಫೋನ್ ಬೇಗ ಇಡ್ತಾಳೆ.

ಪ್ರಶ್ನೆ: ಅದೇ ದೇಶಕ್ಕೆ ನಾವೂ ಹೋಗ್ತಿದೀವಿ ಸರ್. ನಮ್ಮ ಚಾರ್ಜರ್ ನಡೆಯುತ್ತಾ? – ಬಿಎಸ್ಸಿ ವಿದ್ಯಾರ್ಥಿ, ಹಾಸನ

ಉತ್ತರ: ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಹೋಗುತ್ತಪ್ಪ, ಕರೆಂಟೂ ನಮ್ಮಂಗೇ 230 ವೋಲ್ಟ್. ಲ್ಯಾಪ್‌ಟಾಪಿನ ಮೂರು ಪಿನ್ನು ಹೋಗಲ್ಲ, ಅಡಾಪ್ಟರ್ ಇಲ್ಲೇ ತಗೊಂಡು ಹೋಗಿ. ಭಾನುವಾರ ಇಳೀತಿದ್ರೆ ಅಂತೂ ಮರೀಬೇಡಿ, ಅಲ್ಲಿ ಅವತ್ತು ಅಂಗಡಿಗಳೆಲ್ಲ ಹೆಚ್ಚುಕಮ್ಮಿ ಬಂದ್.